ಯಂತ್ರಗಳ ನಡುವಿನ ಕರಾರು

ಉರ್ದುವನ್ನು ಬಲದಿಂದ, ಕನ್ನಡವನ್ನು ಎಡದಿಂದ ಓದಬೇಕೆಂದು ಮೊದಲೇ ತಿಳಿಸದಿದ್ದರೆ ಮಗು ತಡವರಿಸುತ್ತದೆ. ಕಂಪ್ಯೂಟರ್‌ಗಳೂ ಹಾಗೆಯೇ. ಒಂದು ವ್ಯವಸ್ಥೆ ಇನ್ನೊಂದಕ್ಕೆ ಸಂದೇಶ ಕಳಿಸಬೇಕಾದರೆ ಅದರಲ್ಲಿ ಏನೇನಿರಬೇಕು, ಯಾವ ವಿಧಾನದಲ್ಲಿ, ಯಾವ ವಿಳಾಸಕ್ಕೆ ಹೋಗಬೇಕು ಎಂಬುದನ್ನು ಮೊದಲೇ ಬರೆದಿಡಬೇಕು. ಹಾಗೆ ಬರೆದಿಡುವ ಒಂದು ಕ್ರಮವೇ ಡಬ್ಲ್ಯೂಎಸ್‌ಡಿಎಲ್. ಇದರ 1.1 ಆವೃತ್ತಿ 2001ರಲ್ಲಿ, 2.0 ಆವೃತ್ತಿ 2007ರಲ್ಲಿ ಪ್ರಕಟವಾಯಿತು.

ಈ ಕರಾರಿನಲ್ಲಿ ಜನ್ಮದಿನವನ್ನು ದಿನಾಂಕದ ಮಾದರಿಯಲ್ಲಿ ಕೇಳಿದ್ದರೆ ಸಂದೇಶದಲ್ಲಿ 2010-06-05 ಎಂದೇ ಇರಬೇಕು. 05-06-2010 ಎಂದಿದ್ದರೆ ಕರಾರಿನಂತೆ ಪರೀಕ್ಷಿಸುವ ಯಂತ್ರ ಒಪ್ಪುವುದಿಲ್ಲ. ಆದರೆ ತಪ್ಪು ದಿನವನ್ನು ಸರಿಯಾದ ರೂಪದಲ್ಲಿ ಬರೆದರೆ ಒಪ್ಪಿಬಿಡುತ್ತದೆ! ಕರಾರು ನೋಡುವುದು ರೂಪವನ್ನು, ನಿಜವನ್ನಲ್ಲ.

ಆದ್ದರಿಂದ ವಿದ್ಯಾರ್ಥಿವೇತನದ ಅರ್ಜಿ ಕಳಿಸುವ ಮುನ್ನ ಹೆಸರು, ದಿನಾಂಕಗಳನ್ನು ಅಂಕಪಟ್ಟಿಯೊಂದಿಗೆ ಹೋಲಿಸಿ ನೋಡಿ. ಆ ಹೊಣೆ ಯಂತ್ರದ್ದಲ್ಲ, ನಮ್ಮದು.