ಹಾಕದೆ ಉಳಿದ ಸಹಿ

ದೀಪಾವಳಿ ಕಳೆದು ಚಳಿ ಕಾಲಿಟ್ಟಿತೆಂದರೆ ನಮ್ಮ ಹೊಸಪೇಟೆಯ ರಸ್ತೆಬದಿಯಲ್ಲಿ ಸ್ವೆಟರ್ ಅಂಗಡಿಗಳು ಸಾಲಾಗಿ ಏಳುವುದನ್ನು ನಾನು ಹಲವು ವರ್ಷ ಕಂಡಿದ್ದೇನೆ. ಸರಕು ಲುಧಿಯಾನದ್ದು, ಮಾರುವವರು ಮುಂಡಗೋಡಿನ ಟಿಬೆಟನ್ನರು, ಅವರಾಡುವ ಮಾತು ಧಾರವಾಡದ ಕಡೆಯ ಕನ್ನಡ. ಭರ್ತಿ ವ್ಯಾಪಾರದ ಆ ದಿನಗಳಲ್ಲಿಯೂ ಡಿಸೆಂಬರ್ 10ರಂದು ಅವರು ಅಂಗಡಿ ತೆರೆಯುತ್ತಿರಲಿಲ್ಲ. ಅದು ಮಾನವ ಹಕ್ಕುಗಳ ದಿನ. 1989ರಲ್ಲಿ ದಲಾಯಿ ಲಾಮಾ ಅವರು ನೊಬೆಲ್ ಶಾಂತಿ ಪಾರಿತೋಷಕವನ್ನು ಸ್ವೀಕರಿಸಿದ ದಿನವೂ ಹೌದು.

ಆ ದಿನಕ್ಕೆ ನಮ್ಮ ಸೀಮೆಯ ನಂಟೊಂದಿದೆ. ಟಿಬೆಟನ್ನರಿಗಾಗಿ ಮೈಸೂರು ರಾಜ್ಯವು 1960ರಲ್ಲಿ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಕೊಟ್ಟಿತು. 1966ರಲ್ಲಿ ಮುಂಡಗೋಡಿನ ವಸತಿ ಆರಂಭವಾದಾಗ ಮುಖ್ಯಮಂತ್ರಿಗಳಾಗಿದ್ದವರು ಎಸ್. ನಿಜಲಿಂಗಪ್ಪನವರು. ಅವರು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನವರು. ಹುಟ್ಟಿದ್ದು 1902ರ ಡಿಸೆಂಬರ್ 10ರಂದು. ದಲಾಯಿ ಲಾಮಾ ಅವರು ಅವರ ಹೆಸರನ್ನು ಕೃತಜ್ಞತೆಯಿಂದ ಮತ್ತೆ ಮತ್ತೆ ಸ್ಮರಿಸಿದ್ದಾರೆ. ಆದರೆ ಸರ್ಕಾರ ಭೂಮಿಯನ್ನು ಕೊಡಬಲ್ಲುದು. ನೆರೆಹೊರೆಯನ್ನು ಕೊಡಬೇಕಾದವರು ನಾವು, ನೀವು. ಆ ಪರೀಕ್ಷೆಯಲ್ಲಿ ಒಮ್ಮೆ ಸೋತವನು ನಾನು. ಅದನ್ನು ಹೇಳಲೆಂದೇ ಇಂದು ನಿಮ್ಮ ಮುಂದೆ ಕುಳಿತಿದ್ದೇನೆ.

2008ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಭಿಕ್ಷುಗಳು ಶಾಂತವಾಗಿ ಮೆರವಣಿಗೆ ಹೊರಟರು. ಅವರನ್ನು ತಡೆದರು, ಹಿಡಿದರು. ನಾಲ್ಕು ದಿನಗಳ ತರುವಾಯ ನಗರದಲ್ಲಿ ಗಲಭೆಯಾಗಿ ಪ್ರಾಣಹಾನಿಯೂ ಆಯಿತು. ತನ್ನ ಜನರ ಹಿಂಸೆ ಕೈಮೀರಿದರೆ ತಾನು ಅಧಿಕಾರವನ್ನೇ ಬಿಡುವೆನೆಂದು ದಲಾಯಿ ಲಾಮಾ ಸಾರಿದರು. ಅವರು ಕೇಳುತ್ತಿದ್ದುದು ಬೇರೆ ದೇಶವನ್ನಲ್ಲ, ಚೀನದೊಳಗಿನ ನಿಜವಾದ ಸ್ವಾಯತ್ತತೆಯನ್ನು. ಆ ಏಪ್ರಿಲಿನಲ್ಲಿ ಒಲಿಂಪಿಕ್ ಜ್ಯೋತಿ ದೆಹಲಿಗೆ ಬಂದಾಗ ನಮ್ಮ ಕಾಲ್ಚೆಂಡಿನ ಆಟಗಾರ ಭೈಚುಂಗ್ ಭುಟಿಯಾ ಅದನ್ನು ಹಿಡಿದು ಓಡಲು ಒಪ್ಪಲಿಲ್ಲ.

ಆ ವರ್ಷದ ಡಿಸೆಂಬರ್ 10ರಂದು, ನಾನು ಪ್ರತಿ ವರ್ಷವೂ ಸ್ವೆಟರ್ ಕೊಳ್ಳುತ್ತಿದ್ದ ಅಂಗಡಿಯ ತಾಯಿ ಬಾಗಿಲಿಗೆ ಅಡ್ಡಲಾಗಿ ಪರದೆ ಇಳಿಬಿಟ್ಟು ಹೊರಗೆ ಕುಳಿತಿದ್ದರು. ಕೈಯಲ್ಲೊಂದು ಹಾಳೆಯಿತ್ತು. ಸೆರೆ ಸಿಕ್ಕವರನ್ನು ಬಿಡಿಸಬೇಕೆಂಬ ಮನವಿ.

"ಇವತ್ತು ವ್ಯಾಪಾರ ಇಲ್ರಿ ಸರ. ಇದಕ್ಕೊಂದು ಸಹಿ ಮಾಡ್ರಿ" ಎಂದರು.

ಶ್ರೋತೃಗಳೇ, ಆಗ ನಮ್ಮೂರ ಬದುಕು ಹೇಗಿತ್ತೆಂಬುದು ನಿಮಗೆ ಗೊತ್ತು. ಸಂಡೂರಿನ ಬೆಟ್ಟಗಳ ಅದಿರು ಲಾರಿಗಳಲ್ಲಿ ಬಂದರಿಗಿಳಿದು ಚೀನದ ಉಕ್ಕಿನ ಕುಲುಮೆಗಳಿಗೆ ಹೋಗುತ್ತಿತ್ತು. ನನ್ನ ಮಗನೂ ಸಾಲ ಮಾಡಿ ಲಾರಿಯೊಂದನ್ನು ಕೊಂಡಿದ್ದ. ಆ ವರ್ಷದ ಕೊನೆಯಲ್ಲಿ ಜಗತ್ತಿನ ಹಣಕಾಸಿನ ಮುಗ್ಗಟ್ಟಿನಿಂದ ಅದಿರಿನ ಬೆಲೆ ಕುಸಿದಿತ್ತು. ಚೀನ ಮತ್ತೆ ಕೊಂಡೀತೇ, ಕಂತು ಕಟ್ಟಲಾದೀತೇ ಎಂಬುದೇ ಮನೆಯ ಮಾತು. ನನ್ನದೊಂದು ಸಹಿಯಿಂದ ಅದಿರಿನ ವ್ಯಾಪಾರ ನಿಲ್ಲುತ್ತಿತ್ತೆಂದು ನಂಬುವಷ್ಟು ಮೂಢ ನಾನಲ್ಲ. ಆದರೂ ಕೈ ಏಳಲಿಲ್ಲ. "ನಾಳೆ ನೋಡೋಣಮ್ಮ" ಎಂದು ಬಂದುಬಿಟ್ಟೆ. ಆ ನಾಳೆ ಬರಲಿಲ್ಲ.

ಪಕ್ಕದಲ್ಲಿಯೇ ದರ್ಜಿಯೊಬ್ಬರ ಅಂಗಡಿ. ರಾತ್ರಿ ಆ ತಾಯಿಯ ಗಂಟುಗಳನ್ನು ಬಾಡಿಗೆಯಿಲ್ಲದೆ ತಮ್ಮಲ್ಲಿ ಇರಿಸಿಕೊಳ್ಳುತ್ತಿದ್ದವರು ಅವರೇ. ಟಿಬೆಟ್ ಎಲ್ಲಿದೆಯೆಂದು ಅವರಿಗೆ ಸರಿಯಾಗಿ ತಿಳಿಯದು. ಅವರು ಮಾತ್ರ ಆ ಹಾಳೆಯ ಮೇಲೆ, ಬಟ್ಟೆಗೆ ಗುರುತು ಹಾಕುವಷ್ಟೇ ನಿಧಾನವಾಗಿ, ತಮ್ಮ ಹೆಸರು ಬರೆದರಂತೆ. ವಿಜಯನಗರಕ್ಕೆ ಯಾರೂ ಬಂದು ತಮ್ಮ ಮತದಂತೆ ಬಾಳಬಹುದಾಗಿತ್ತೆಂದು ಪೋರ್ಚುಗೀಸ್ ಪ್ರವಾಸಿ ಬಾರ್ಬೋಸ ಬರೆದುದನ್ನು ನಾನು ಮೂವತ್ತು ವರ್ಷ ಹಂಪಿಯ ಬಜಾರಿನಲ್ಲಿ ವಿದ್ಯಾರ್ಥಿಗಳನ್ನು ನಿಲ್ಲಿಸಿ ಹೇಳಿದವನು. ಅದನ್ನು ಓದದೆಯೇ ನಡೆಸಿದವರು ಆ ದರ್ಜಿ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. ಲಾರಿ ಮಾರಿಹೋಯಿತು. ಆ ಚಳಿಗಾಲದಲ್ಲಿ ನಾಚಿಕೆಯಿಂದಲೇ ಹೋಗಿ ಹಾಳೆಯನ್ನು ಕೇಳಿದೆ. "ಅದು ಆಗಲೇ ಹೋಯ್ತಲ್ರಿ ಸರ" ಎಂದು ನಕ್ಕು ಚಹಾ ಕೊಟ್ಟರು. ಅದೇ ವರ್ಷ ದಲಾಯಿ ಲಾಮಾ ಅವರು ತಮ್ಮ ರಾಜಕೀಯ ಅಧಿಕಾರವನ್ನೆಲ್ಲ ಚುನಾಯಿತ ನಾಯಕರಿಗೆ ಒಪ್ಪಿಸಿದ್ದರು. ಮುಂಡಗೋಡಿನಲ್ಲಿ ತಾವೂ ಸಾಲಿನಲ್ಲಿ ನಿಂತು ಮತ ಹಾಕಿದ್ದನ್ನು ಆ ತಾಯಿ ಹೆಮ್ಮೆಯಿಂದ ಹೇಳಿದರು. ತವರನ್ನು ಕಳೆದುಕೊಂಡ ಜನ ಮತದ ಹಕ್ಕನ್ನು ಅಷ್ಟು ಜೋಪಾನ ಮಾಡಿಕೊಂಡಿರುವುದನ್ನು ಕೇಳುವಾಗ ನನ್ನ ಕೈಯ ಚಹಾ ಆರಿತ್ತು.

ದೂರದೇಶದ ಸೆರೆಮನೆಯ ಬೀಗವನ್ನು ನಮ್ಮ ಸಹಿ ತೆರೆಯಲಾರದು. ಆದರೆ ಸಹಿ ಕೇಳಿದವರು ನಮ್ಮ ಬೀದಿಯಲ್ಲಿಯೇ ಕುಳಿತಿರುತ್ತಾರೆ. ತಾವು ಒಂಟಿಯಲ್ಲವೆಂಬುದು ಅವರಿಗೆ ತಿಳಿಯಬೇಕಾದದ್ದು ನಮ್ಮಿಂದಲೇ. ನಿಮ್ಮೂರಿನಲ್ಲಿ ಡಿಸೆಂಬರ್ 10ರಂದು ಅಂಥದೊಂದು ಅಂಗಡಿ ಮುಚ್ಚಿದ್ದರೆ ಬೇಸರಿಸಿ ಹಿಂದಿರುಗಬೇಡಿ. ಏಕೆ ಮುಚ್ಚಿದೆಯೆಂದು ಒಂದು ಮಾತು ಕೇಳಿ.