ಜನರಲ್ ಮೆರಿಟ್ ಅಂದರೆ ಯಾರದು?
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಕಾಲೇಜಿನ ಬಾಗಿಲಲ್ಲಿ ಈಗ ಯಾರೂ ನಮ್ಮನ್ನ 'ಆಚೆ ನಿಲ್ಲು' ಅಂತ ಬಾಯಿಬಿಟ್ಟು ಹೇಳೋದಿಲ್ಲ. ಒಂದು ಫಾರಂ ಕೊಡ್ತಾರೆ. ಅದರೊಳಗಿನ ಮಾತುಗಳು ಅರ್ಥವಾಗದೆ ನಾವೇ ಆಚೆ ನಿಲ್ಲುತ್ತೇವೆ. ಕೇಳೋಣ ಅಂದರೆ ಅಪ್ಪ ಅವ್ವ ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅದಕ್ಕೇ ಇವತ್ತು ಆ ಮಾತುಗಳನ್ನೇ ಬಿಚ್ಚಿ ನೋಡೋಣ.

ಮೊದಲನೆಯದು 'ಜನರಲ್ ಮೆರಿಟ್'. ಇದು ಮೇಲ್ಜಾತಿಯವರ ಕೋಟಾ ಅಂತ ನಮ್ಮವರೇ ಎಷ್ಟೋ ಜನ ತಿಳಿದಿದ್ದಾರೆ. ಹಾಗೆ ತಿಳಿಯಲಿ ಅಂತಲೇ ಕೆಲವರಿಗೆ ಆಸೆ! ಅದು ಯಾವ ಜಾತಿಗೂ ಬರೆದುಕೊಟ್ಟ ಸೀಟಲ್ಲ, ಎಲ್ಲರಿಗೂ ತೆರೆದದ್ದು. ರ‍್ಯಾಂಕಿನ ಬಲದಿಂದ ಅಲ್ಲಿ ಸೀಟು ಪಡೆದ ದಲಿತ ವಿದ್ಯಾರ್ಥಿಯನ್ನು ಮೀಸಲಾತಿ ಲೆಕ್ಕಕ್ಕೆ ಹಾಕುವಂತಿಲ್ಲ. 1992ರ ಮಂಡಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಹೇಳಿದೆ. 2024ರಲ್ಲಿ ಮಧ್ಯಪ್ರದೇಶದ ಮೆಡಿಕಲ್ ಸೀಟುಗಳ ಕೇಸಿನಲ್ಲೂ ಇದನ್ನೇ ಹೇಳಿತು. ಮೀಸಲಾತಿ ನಮಗೆ ಸಿಕ್ಕ ಕನಿಷ್ಠ ಹಕ್ಕು. ಅಷ್ಟಕ್ಕೇ ನಿಲ್ಲಿ ಅಂತ ಎಳೆದ ಗೆರೆಯಲ್ಲ.

ಸಿಇಟಿ ಪಟ್ಟಿಯಲ್ಲಿ ಎಸ್‌ಸಿಜಿ, ಎಸ್‌ಸಿಆರ್, ಎಸ್‌ಸಿಕೆ ಅಂತ ಇರುತ್ತೆ. ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದವರು ನಮ್ಮಲ್ಲೇ ಹೆಚ್ಚು. ಆದರೂ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಓ ಸಹಿ ಹಾಕಿಸಲಿಲ್ಲ ಅಂತ ಹಕ್ಕು ಬಿಟ್ಟು ಬರ್ತೀವಿ. ರಜೆಗೆ ಊರಿಗೆ ಹೋದಾಗಲೇ ಈ ಕೆಲಸ ಮುಗಿಸಿ.

ಆಪ್ಷನ್ ಎಂಟ್ರಿ ಅಂದರೆ ನಮಗೆ ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ಬರೆಯೋದು. ಕಂಪ್ಯೂಟರು ಮೇಲಿನಿಂದ ನೋಡುತ್ತಾ ಬರುತ್ತೆ. 'ನಮಗೆಲ್ಲಿ ಸಿಗುತ್ತೆ' ಅಂತ ಒಳ್ಳೆ ಕಾಲೇಜನ್ನು ಕೆಳಗೆ ತಳ್ಳಬೇಡಿ. ಸೀಟು ಬಂದ ಮೇಲೆ ನಾಲ್ಕು ಚಾಯ್ಸ್. ಒಂದನೆಯದು, ಒಪ್ಪಿ ಸೇರೋದು. ಎರಡನೆಯದು, ಕೈಯಲ್ಲಿರೋದನ್ನ ಉಳಿಸಿಕೊಂಡು ಇನ್ನೂ ಒಳ್ಳೆಯದಕ್ಕೆ ಮುಂದಿನ ಸುತ್ತಿಗೆ ಕಾಯೋದು. ಮೂರನೆಯದರಲ್ಲಿ ಕೈಯಲ್ಲಿರೋ ಸೀಟು ಹೋಗುತ್ತೆ. ಎರಡು, ಮೂರರ ವ್ಯತ್ಯಾಸ ತಿಳಿಯದೆ ಸೈಬರ್ ಸೆಂಟರಿನವನು ಒತ್ತಿದ್ದೇ ಚಾಯ್ಸ್ ಅಂತ ಆಗಬಾರದು. ನಾಲ್ಕು ಒತ್ತಿದರೆ ಪೂರಾ ಹೊರಗೆ.

ಇನ್ನು ಡಿಗ್ರಿಗಳ ಹೆಸರು. ಬಾಬಾಸಾಹೇಬರನ್ನೇ ನೋಡಿ. 1907ರ ಮೆಟ್ರಿಕ್‌ನಲ್ಲಿ ಅವರಿಗೆ ಬಂದದ್ದು 750ಕ್ಕೆ 282. ಇವತ್ತಿನ ಕಟ್ ಆಫ್ ಅವರನ್ನು ಬಾಗಿಲಲ್ಲೇ ತಡೀತಿತ್ತು. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ ಬಿ.ಎ. ಮಾಡಿದರು, ಅದು ಪದವಿ. 1915ರಲ್ಲಿ ಕೊಲಂಬಿಯಾದಲ್ಲಿ ಎಂ.ಎ., ಅದು ಸ್ನಾತಕೋತ್ತರ ಪದವಿ. 1927ರಲ್ಲಿ ಅಲ್ಲಿಯದೇ ಪಿಎಚ್.ಡಿ., ಸ್ವಂತ ಸಂಶೋಧನೆಗೆ ಕೊಡೋದು. ನಡುವೆ ಲಂಡನ್ನಿನಲ್ಲಿ 1921ಕ್ಕೆ ಎಂ.ಎಸ್ಸಿ., 1923ಕ್ಕೆ ಡಿ.ಎಸ್ಸಿ. ಅವರ ಡಿಗ್ರಿಗಳನ್ನ ಜಯಂತಿ ದಿನ ಭಾಷಣದಲ್ಲಿ ಓದ್ತೀವಿ. ಒಂದರ ಮೇಲೊಂದು ಹತ್ತೋ ಮೆಟ್ಟಿಲು ಅಂತ ಯಾರೂ ಹೇಳಿಕೊಡಲ್ಲ. ಬಿ.ಎ. ಮುಗಿಸದೆ ಎಂ.ಎ. ಇಲ್ಲ, ಪಿಯುಸಿ ಬಿಟ್ಟರೆ ಬಿ.ಎ. ಇಲ್ಲ.

ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ತಂದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಿರುಗಿಸಿದರು. ಹಾಗಾಗಿ ಅಣ್ಣನ ಹಳೇ ಪ್ರಾಸ್ಪೆಕ್ಟಸ್ ನಂಬಿ ಫಾರಂ ತುಂಬಬೇಡಿ. ಈ ವರ್ಷದ್ದನ್ನೇ ತನ್ನಿ, ರಾತ್ರಿ ಊಟವಾದ ಮೇಲೆ ರೂಮಿನವರೆಲ್ಲ ಕೂತು ಒಬ್ಬ ಗಟ್ಟಿಯಾಗಿ ಓದಲಿ.