ಬೀಜದ ಲಿಂಬೆ, ಬೀಜರಹಿತ ಲಿಂಬೆ: ಹಣ್ಣಿನ ಗುಣದಲ್ಲಿ ಯಾವುದು ಮೇಲು?

(ಚೊಳಚಗುಡ್ಡದ ರೈತರಿಗಾಗಿ ಸಿದ್ಧಪಡಿಸಿದ ಭಾಷಣ)



ಬನದ ಹುಣ್ಣಿಮೆಯ ಜಾತ್ರೆಗೆ ಚೊಳಚಗುಡ್ಡಕ್ಕೆ ಬರುವವರ ಬುತ್ತಿಯಲ್ಲಿ ರೊಟ್ಟಿಯೊಡನೆ ಲಿಂಬೆ ಉಪ್ಪಿನಕಾಯಿಗೂ ಸ್ಥಾನವುಂಟು. ಅದಕ್ಕೆ ಸಾಮಾನ್ಯವಾಗಿ ಬಳಸುವುದು ಬೀಜವುಳ್ಳ ಕಾಗ್ಜಿ ಲಿಂಬೆ. ಹೆಸರಾಂತ ಇಂಡಿ ಲಿಂಬೆಯೂ ಇದೇ ಜಾತಿಯದು. ಈಗ ಬೀಜರಹಿತ ತಹಿತಿ ಲಿಂಬೆಯ ಸಸಿಗಳೂ ದೊರೆಯುತ್ತವೆ. ಬೀಜವಿಲ್ಲದ ಮಾತ್ರಕ್ಕೆ ಹಣ್ಣು ಉತ್ತಮವಾಗುವುದೇ? ಲಿಂಬೆ ಒಮ್ಮೆ ನೆಟ್ಟರೆ ವರ್ಷಗಟ್ಟಲೆ ನೆಲ ಹಿಡಿಯುವ ಬೆಳೆ. ಗುಂಡಿ ತೋಡುವ ಮೊದಲೇ ಇದನ್ನು ಯೋಚಿಸಬೇಕು.

ಬೀಜವಿಲ್ಲದಿರಲು ಕಾರಣ: ಕಾಗ್ಜಿಯ ಜೀವಕೋಶದಲ್ಲಿ 18 ವರ್ಣತಂತುಗಳಿದ್ದರೆ ತಹಿತಿಯಲ್ಲಿ 27 ಇರುತ್ತವೆ. ಈ ಮೂರು ಗುಂಪುಗಳು ಸಮನಾಗಿ ಪಾಲಾಗವು. ಆದ್ದರಿಂದ ಬೀಜ ಕಟ್ಟುವುದಿಲ್ಲ. ಪರಾಗಸ್ಪರ್ಶವಿಲ್ಲದೆಯೇ ಕಾಯಿ ನಿಲ್ಲುತ್ತದೆ.

ಹಣ್ಣಿನ ಗುಣ: ಕಾಗ್ಜಿಯ ಹಣ್ಣು ಚಿಕ್ಕದು, ಸಿಪ್ಪೆ ಕಾಗದದಂತೆ ತೆಳು, ಹುಳಿ ಮತ್ತು ಪರಿಮಳ ಹೆಚ್ಚು. ಉಪ್ಪಿನಕಾಯಿಗೆ ಇವೇ ಬೇಕಾದ ಗುಣಗಳು. ತಹಿತಿಯ ಹಣ್ಣು ದೊಡ್ಡದು, ಸಿಪ್ಪೆ ಕೊಂಚ ದಪ್ಪ, ರಸ ಧಾರಾಳ. ಆದರೆ ಪರಿಮಳ ಸೌಮ್ಯ. ರಸ ತೆಗೆಯುವಾಗ ಬೀಜ ಜಜ್ಜಿದರೆ ಕಹಿ ಇಳಿಯುತ್ತದೆ. ತಹಿತಿಯಲ್ಲಿ ಬೀಜದ ಕಹಿಯ ಭಯವಿಲ್ಲ. ಇದನ್ನು ಹಸಿರಿರುವಾಗಲೇ ಕೊಯ್ದು ಮಾರುವುದು ವಾಡಿಕೆ. ಹಳದಿ ಲಿಂಬೆಯನ್ನೇ ಕೇಳುವ ನಮ್ಮ ಸಂತೆಗಳಲ್ಲಿ ಇದು ತೊಡಕಾಗಬಹುದು.

ಬೇಸಾಯದ ಅಂತರ: ಕಾಗ್ಜಿಯನ್ನು ಬೀಜದಿಂದಲೇ ಬೆಳೆಸಬಹುದು. ಒಂದು ಬೀಜದಿಂದ ಒಂದಕ್ಕಿಂತ ಹೆಚ್ಚು ಮೊಳಕೆ ಬರುವುದುಂಟು. ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಗುಣವನ್ನೇ ಉಳಿಸಿಕೊಳ್ಳುತ್ತವೆ. ತಹಿತಿಗೆ ಕಸಿ ಇಲ್ಲವೆ ಗೂಟಿಯೇ ದಾರಿ. ಸಸಿಯ ಖರ್ಚು ಹೆಚ್ಚು. ಕಾಗ್ಜಿ ಕಜ್ಜಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಕಜ್ಜಿ ಬಿದ್ದ ಹಣ್ಣಿಗೆ ಬೆಲೆ ಇಳಿಯುತ್ತದೆ. ತಹಿತಿ ಈ ರೋಗವನ್ನು ಹೆಚ್ಚು ತಾಳುತ್ತದೆ, ಮುಳ್ಳೂ ಕಡಿಮೆ. ಮಲಪ್ರಭೆಯ ದಂಡೆಯ ಎರೆಭೂಮಿಯಲ್ಲಿ ನೀರು ನಿಲ್ಲುವಂತಿದ್ದರೆ ಎರಡೂ ಬಾಳವು; ಬಸಿಗಾಲುವೆ ಅಗತ್ಯ.

ಮನೆಯಲ್ಲೇ ಪರೀಕ್ಷೆ: ಎರಡೂ ಬಗೆಯ ಹಣ್ಣುಗಳನ್ನು ಒಂದೊಂದು ಕಿಲೋ ತೂಗಿ, ಹಿಂಡಿ, ಸೋಸಿ, ರಸವನ್ನು ಅಳೆಯಿರಿ. ಹಣ್ಣಿನ ಎಣಿಕೆಯಿಂದ ಹೋಲಿಸಿದರೆ ದೊಡ್ಡ ಹಣ್ಣೇ ಗೆದ್ದಂತೆ ಕಾಣುತ್ತದೆ. ತೂಕದಿಂದ ಹೋಲಿಸಿದರೆ ನಿಜ ತಿಳಿಯುತ್ತದೆ. ಬಳಿಕ ಒಂದೇ ಅಳತೆಯ ನೀರು ಬೆರೆಸಿ ಹುಳಿ, ಪರಿಮಳ ನೋಡಿರಿ.

ಉಪ್ಪಿನಕಾಯಿಗೆ, ಸಂತೆಗೆ ಕೊಡುವವರಿಗೆ ಕಾಗ್ಜಿಯೇ ಸೂಕ್ತ. ಪಾನಕದ ಅಂಗಡಿ, ಹೋಟೆಲುಗಳಿಂದ ಬೇಡಿಕೆ ಖಚಿತವಿದ್ದವರು ಮೊದಲು ಕೆಲವೇ ತಹಿತಿ ಗಿಡ ನೆಟ್ಟು, ಫಸಲು ಮಾರಿ ನೋಡಿ, ಆಮೇಲೆ ತೋಟ ವಿಸ್ತರಿಸುವುದು ಒಳಿತು.